ವಯಸ್ಸಿನ ತಂಡವೋ, ಕ್ಲಾಸಿನ ತಂಡವೋ? ಮಗುವನ್ನು ಎಲ್ಲಿ ಆಡಿಸೋದು

ಮಕ್ಕಳ ತಂಡಕ್ಕೆ ಸೇರಿಸುವ ಫಾರ್ಮಿನಲ್ಲಿ ಎರಡು ಕಾಲಂ ಅಕ್ಕಪಕ್ಕ ಇರುತ್ತವೆ. ಒಂದು ಹುಟ್ಟಿದ ದಿನಾಂಕ, ಇನ್ನೊಂದು ಓದುತ್ತಿರುವ ತರಗತಿ. ತುಂಬುವಾಗ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತಂಡಗಳ ಪಟ್ಟಿ ಹೊರಬಿದ್ದ ಸಂಜೆ ಶುರುವಾಗುತ್ತದೆ ನೋಡಿ ಫೋನು. "ಇವನ ಕ್ಲಾಸಿನವರೆಲ್ಲ ಒಂದು ಕಡೆ, ಇವನೊಬ್ಬ ಯಾಕೆ ಬೇರೆ?" "ಆ ಹುಡುಗಿಗೆ ನಿಜವಾಗ್ಲೂ ಹನ್ನೊಂದೇನಾ? ನನಗಿಂತ ಎತ್ತರ ಇದಾಳಲ್ಲ!" ಆ ಪಟ್ಟಿ ಮಾಡುವ ಕೆಲಸವನ್ನು ನಾನು ಕೆಲವು ಸೀಸನ್ ಮಾಡಿದ್ದೇನೆ, ಚೆನ್ನಾಗಿ ಬೈಸಿಕೊಂಡೂ ಇದ್ದೇನೆ. ಎರಡೂ ಥರದ ತಂಡ ಹತ್ತಿರದಲ್ಲೇ ಇವೆ, ಎಲ್ಲಿಗೆ ಸೇರಿಸಲಿ ಅಂತ ಅಪ್ಪ ಅಮ್ಮಂದಿರು ಕೇಳುತ್ತಾರೆ. ಹೊಸದಾಗಿ ಲೀಗ್ ಶುರು ಮಾಡುವವರು, ಯಾವ ಪದ್ಧತಿ ಇಟ್ಟುಕೊಳ್ಳೋಣ ಅಂತ ಕೇಳುತ್ತಾರೆ. ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಪದ್ಧತಿ ತಂದರೂ ಯಾರೋ ಒಂದಿಷ್ಟು ಮಕ್ಕಳಿಗೆ ಅನ್ಯಾಯ ಆಗಿಯೇ ಆಗುತ್ತದೆ. ಗೆರೆ ಎಳೆದ ಮೇಲೆ ಗೆರೆಯ ಪಕ್ಕದಲ್ಲಿ ಯಾರಾದರೂ ಸಿಕ್ಕಿಹಾಕಿಕೊಳ್ಳಲೇಬೇಕಲ್ಲ. ಹಾಗಾಗಿ "ಯಾವುದು ಸರಿ" ಅಂತ ಜಗಳ ಆಡುವ ಬದಲು, ನಿಮ್ಮ ಮಗು ಆ ಗೆರೆಯಿಂದ ಎಷ್ಟು ದೂರ ಇದೆ, ಮೈದಾನಕ್ಕೆ ಯಾತಕ್ಕೆ ಬರುತ್ತಿದೆ ಅನ್ನುವುದನ್ನು ನೋಡಿ ಆರಿಸಿ.

ಏನೇನು ನೋಡಬೇಕು

ನಾನು ಐದು ವಿಷಯ ನೋಡುತ್ತೇನೆ. ಮೈಗೆ ಪೆಟ್ಟಾಗುವ ಸಾಧ್ಯತೆ ಎಷ್ಟು. ಜೊತೆಗೆ ಗೆಳೆಯರು ಇದ್ದಾರಾ. ಮಗುವಿಗೆ ನಿಜವಾಗಿ ಆಡಲು ಸಿಗುತ್ತದಾ, ಬೆಂಚಿನ ಮೇಲೆ ಕೂತು ಬರುತ್ತದಾ. ವಯಸ್ಸಿನ ಮೋಸ ಹಿಡಿಯುವುದು ಎಷ್ಟು ಸುಲಭ. ಕೊನೆಯದಾಗಿ, ಮುಂದೆ ದೊಡ್ಡ ಟೂರ್ನಮೆಂಟಿಗೆ ಹೋಗುವ ಆಸೆ ಇದ್ದರೆ ಅಲ್ಲಿನ ಲೆಕ್ಕಕ್ಕೆ ಇದು ಹೊಂದುತ್ತದಾ. ಸಂಘಟಕರಿಗೆ ಇನ್ನೊಂದಿದೆ, ತಲೆ ಎಣಿಕೆ. ಇಪ್ಪತ್ತೇ ಮಕ್ಕಳಿದ್ದರೆ ಅರ್ಧ ಚರ್ಚೆ ಅಲ್ಲೇ ಮುಗಿಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ವಯಸ್ಸಿನ ಪದ್ಧತಿ

ಇದರ ಲೆಕ್ಕ ಸರಳ. ಒಂದು ಕಟ್-ಆಫ್ ದಿನಾಂಕ ಇರುತ್ತದೆ. ಜನವರಿ 1 ಅಂದರೆ ಆ ಜನವರಿಯಿಂದ ಡಿಸೆಂಬರ್‌ವರೆಗೆ ಹುಟ್ಟಿದವರೆಲ್ಲ ಒಂದು ಗುಂಪು. ಅಂಡರ್-10, ಅಂಡರ್-12 ಅನ್ನುವುದೆಲ್ಲ ಇದೇ. ಒಳ್ಳೆಯದೇನೆಂದರೆ ಅಂತರಕ್ಕೆ ಒಂದು ಮಿತಿ ಇದೆ. ವರ್ಷಕ್ಕೊಂದು ಗುಂಪು ಮಾಡಿದರೆ ಅತಿ ದೊಡ್ಡವನಿಗೂ ಅತಿ ಚಿಕ್ಕವನಿಗೂ 12 ತಿಂಗಳಿಗಿಂತ ಜಾಸ್ತಿ ವ್ಯತ್ಯಾಸ ಬರುವುದಿಲ್ಲ. ಜನನ ಪ್ರಮಾಣಪತ್ರ ನೋಡಿದರೆ ಮುಗಿಯಿತು, ವಾದಕ್ಕೆ ಜಾಗವಿಲ್ಲ. ದೊಡ್ಡ ಟೂರ್ನಮೆಂಟುಗಳಲ್ಲಿ ಹೆಚ್ಚಿನವು ನಡೆಯುವುದೂ ಈ ಲೆಕ್ಕದಲ್ಲೇ.

ಆದರೆ ಈ 12 ತಿಂಗಳನ್ನು ಸಣ್ಣದು ಅಂದುಕೊಳ್ಳಬೇಡಿ. ಆರು ವರ್ಷದ ಮಗುವಿಗೆ ಒಂದು ವರ್ಷ ಅಂದರೆ ಅದರ ಇಡೀ ಬದುಕಿನ ಆರನೇ ಒಂದು ಭಾಗ! ಹದಿನಾರರ ಹುಡುಗನಿಗೆ ಅದೇ ಒಂದು ವರ್ಷ ಹದಿನಾರನೇ ಒಂದು ಭಾಗ. ಅಂದರೆ ಮಕ್ಕಳು ಚಿಕ್ಕವರಾದಷ್ಟೂ ಈ ಗೆರೆ ಜಾಸ್ತಿ ಕಚ್ಚುತ್ತದೆ. ಕೆನಡಾದಲ್ಲಿ ಐಸ್ ಹಾಕಿಗೆ ಕಟ್-ಆಫ್ ಜನವರಿ 1. ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ಅಲ್ಲಿನ ಒಳ್ಳೊಳ್ಳೆ ತಂಡಗಳ ಆಟಗಾರರ ಹುಟ್ಟಿದ ತಿಂಗಳು ನೋಡಿದರು. ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ತುಂಬಿಕೊಂಡಿದ್ದರು, ಕೊನೆಯ ಮೂರು ತಿಂಗಳವರು ತುಂಬಾ ಕಡಿಮೆ. ಜನವರಿಯಲ್ಲಿ ಹುಟ್ಟಿದವರ ಕಾಲಿನಲ್ಲಿ ವಿಶೇಷ ಏನೂ ಇಲ್ಲ. ಎಂಟನೇ ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರಾಗಿದ್ದರು, ಆಯ್ಕೆಯಾದರು. ಆಯ್ಕೆಯಾದ್ದಕ್ಕೆ ಒಳ್ಳೆ ಕೋಚ್ ಸಿಕ್ಕರು, ಜಾಸ್ತಿ ಪಂದ್ಯ ಸಿಕ್ಕವು, ಮುಂದಿನ ವರ್ಷ ನಿಜವಾಗಿಯೂ ಚೆನ್ನಾಗಿ ಆಡಿದರು.

ಇದು ಗೆರೆಯದ್ದೇ ಕೆಲಸ ಅನ್ನುವುದಕ್ಕೆ ಬೆಲ್ಜಿಯಂ ಒಳ್ಳೆ ಸಾಕ್ಷಿ. ಅಲ್ಲಿ ಫುಟ್‌ಬಾಲಿನ ಕಟ್-ಆಫ್ ಆಗಸ್ಟ್ 1 ಇತ್ತು, 1997ರಲ್ಲಿ ಜನವರಿ 1ಕ್ಕೆ ಬದಲಾಯಿತು. ಅಲ್ಲಿಯವರೆಗೆ ಆಗಸ್ಟ್‌ನಿಂದ ಮುಂದಿನ ತಿಂಗಳುಗಳ ಮಕ್ಕಳು ಮಿಂಚುತ್ತಿದ್ದರು. ಗೆರೆ ಸರಿದ ಮೇಲೆ ವರ್ಷದ ಮೊದಲ ತಿಂಗಳುಗಳವರು ಮಿಂಚತೊಡಗಿದರು. ಪ್ರತಿಭೆ ಕ್ಯಾಲೆಂಡರ್ ನೋಡಿಕೊಂಡು ಜಾಗ ಬದಲಾಯಿಸುತ್ತದಾ, ಹೇಳಿ?

ಇನ್ನೊಂದು ತೊಂದರೆ ಗೆಳೆತನದ್ದು. ಕಟ್-ಆಫ್ ದಿನಾಂಕ ಶಾಲೆಯ ವರ್ಷಕ್ಕೆ ಹೊಂದದಿದ್ದರೆ ಒಂದೇ ಕ್ಲಾಸಿನ ಮಕ್ಕಳು ಎರಡು ತಂಡಕ್ಕೆ ಹರಿದು ಹೋಗುತ್ತಾರೆ. ಅಮೆರಿಕದ ಯೂತ್ ಸಾಕರ್‌ನಲ್ಲಿ, ಅಂದರೆ ಮಕ್ಕಳ ಫುಟ್‌ಬಾಲಿನಲ್ಲಿ, ಇದರ ಪಾಠ ಚೆನ್ನಾಗಿಯೇ ಆಯಿತು. ಮೊದಲು ಅಲ್ಲಿ ಆಗಸ್ಟ್ 1ರಿಂದ ಜುಲೈ 31ರ ಲೆಕ್ಕ ಇತ್ತು, ಅದು ಶಾಲೆಯ ವರ್ಷಕ್ಕೆ ಹತ್ತಿರ. 2017ರ ಹೊತ್ತಿಗೆ ಎಲ್ಲರೂ ಹುಟ್ಟಿದ ಇಸವಿಯ ಲೆಕ್ಕಕ್ಕೆ ಬರಬೇಕಾಯಿತು, ಅಂತರರಾಷ್ಟ್ರೀಯ ಪದ್ಧತಿಗೆ ಹೊಂದಲಿ ಅಂತ. ಆಗಸ್ಟ್‌ನಿಂದ ಡಿಸೆಂಬರ್ ನಡುವೆ ಹುಟ್ಟಿದ ಮಕ್ಕಳು ಸಿಕ್ಕಿಬಿದ್ದರು. ಕ್ಲಬ್ಬಿನ ತಂಡದ ಜೊತೆಗಾರರೆಲ್ಲ ಹೈಸ್ಕೂಲಿಗೆ ಹೋಗಿ ಅಲ್ಲಿನ ಶಾಲಾ ತಂಡದಲ್ಲಿ ಆಡುವಾಗ, ಒಂದು ಕ್ಲಾಸು ಹಿಂದಿರುವ ಈ ಮಕ್ಕಳಿಗೆ ಆ ಕಾಲಕ್ಕೆ ತಂಡವೇ ಇಲ್ಲ. ಇವರಿಗೆ ಅಲ್ಲಿ "ಟ್ರ್ಯಾಪ್ಡ್ ಪ್ಲೇಯರ್" ಅಂತಲೇ ಹೆಸರು ಬಿತ್ತು. ಕೊನೆಗೆ ಅಲ್ಲಿನ ದೊಡ್ಡ ಸಂಸ್ಥೆಗಳು 2026-27ರ ಸೀಸನ್ನಿಂದ ಮತ್ತೆ ಆಗಸ್ಟ್ 1ಕ್ಕೆ ಮರಳುವುದಾಗಿ ಹೇಳಿದವು. ನಾನು ಹೊಸ ಲೀಗಿನವರಿಗೆ ಈ ಕಥೆ ಹೇಳುವುದು ಒಂದೇ ಕಾರಣಕ್ಕೆ. ಏಳು ವರ್ಷದವರ ಶನಿವಾರದ ಆಟಕ್ಕೆ ವಿಶ್ವಕಪ್ಪಿನ ಕ್ಯಾಲೆಂಡರ್ ಬೇಕಾಗಿಲ್ಲ.

ಕ್ಲಾಸಿನ ಪದ್ಧತಿ

ಇದರ ಬಲ ಒಂದೇ ಮಾತಿನಲ್ಲಿ: ಮಕ್ಕಳು ಬರುತ್ತಾರೆ. ಗೆಳೆಯ ಹೋಗುತ್ತಾನೆ ಅಂತ ಇವನೂ ಹೊರಡುತ್ತಾನೆ. ಒಂದೇ ಕ್ಲಾಸಿನವರು ಅಂದರೆ ಪರೀಕ್ಷೆಯೂ ಒಟ್ಟಿಗೆ, ರಜೆಯೂ ಒಟ್ಟಿಗೆ. ಅಭ್ಯಾಸಕ್ಕೆ ಕರೆದುಕೊಂಡು ಹೋಗಿ ಬರುವುದನ್ನು ನಾಲ್ಕು ಮನೆಯವರು ಹಂಚಿಕೊಳ್ಳಬಹುದು. ಸಮಯ, ಪೆಟ್ರೋಲು ಎರಡೂ ಲೆಕ್ಕಕ್ಕೆ ಬರುವ ಮನೆಗಳಿಗೆ ಇದು ದೊಡ್ಡ ವಿಷಯ. ಎಷ್ಟೋ ಮಕ್ಕಳು ಆಟ ಬಿಡುವುದು ಆಟ ಬೇಜಾರಾಗಿ ಅಲ್ಲ, ಜೊತೆಗೆ ಯಾರೂ ಇಲ್ಲ ಅಂತ. ಹತ್ತು ವರ್ಷದ ಒಳಗಿನವರಿಗೆ ಈ ಒಂದು ಅಂಶವನ್ನೇ ನಾನು ಬೇರೆಲ್ಲದಕ್ಕಿಂತ ಮೇಲೆ ಇಡುತ್ತೇನೆ.

ತೊಂದರೆ ಎಲ್ಲಿದೆ ಅಂದರೆ, ಕ್ಲಾಸು ಅನ್ನುವುದು ವಯಸ್ಸಿನ ಅಳತೆ ಅಲ್ಲವೇ ಅಲ್ಲ. ಒಬ್ಬಳನ್ನು ಬೇಗ ಶಾಲೆಗೆ ಸೇರಿಸಿರುತ್ತಾರೆ. ಇನ್ನೊಬ್ಬ ಒಂದು ವರ್ಷ ತಡವಾಗಿ ಸೇರಿ, ಜೊತೆಗೆ ಕಾಯಿಲೆ ಬಿದ್ದು ಒಂದು ವರ್ಷ ಕಳೆದುಕೊಂಡಿರುತ್ತಾನೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಗಣಿತ ಮಾಡಬಹುದು, ಅದರಲ್ಲಿ ಯಾರಿಗೂ ಪೆಟ್ಟಾಗುವುದಿಲ್ಲ. ಎರಡು ವರ್ಷದ ಅಂತರ ಇಟ್ಟುಕೊಂಡು ಒಂದೇ ಚೆಂಡಿನ ಹಿಂದೆ ಓಡಿದರೆ ಬೇರೆ ಮಾತು.

ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಕ್ಲಾಸಿನ ಲೆಕ್ಕದಲ್ಲಿ ತಂಡ ಮಾಡಿದ್ದೆವು, ಒಬ್ಬ ಹುಡುಗನ ದಿನಾಂಕ ನೋಡಿದಾಗ ಉಳಿದವರಿಗಿಂತ ತುಂಬಾ ದೊಡ್ಡವನು ಅಂತ ಗೊತ್ತಾಯಿತು. "ಅದೇ ಕ್ಲಾಸು ತಾನೇ, ಇರಲಿ" ಅಂದೆ. ತುಂಬಾ ಮೆತ್ತಗಿನ ಹುಡುಗ ಅವನು, ಯಾರನ್ನೂ ನೂಕುವವನಲ್ಲ. ಮೂರನೇ ಅಭ್ಯಾಸದ ದಿನ ಅವನು ಸುಮ್ನೆ ಒದ್ದ ಚೆಂಡು ತಂಡದ ಅತಿ ಚಿಕ್ಕ ಹುಡುಗನ ಎದೆಗೆ ಬಡಿಯಿತು. ಏನೂ ಆಗಲಿಲ್ಲ, ಎರಡು ನಿಮಿಷ ಉಸಿರು ಸಿಕ್ಕಿಹಾಕಿಕೊಂಡಿತು, ನೀರು ಕುಡಿದು ಎದ್ದ. ಆಮೇಲೆ ಚೆಂಡು ಅವನ ಕಡೆ ಬಂದಾಗಲೆಲ್ಲ ಭುಜ ತಿರುಗಿಸಿ ನಿಲ್ಲುತ್ತಿದ್ದ, ಮುಖ ಒಂದು ಕಡೆ, ಕೈ ಎದೆ ಮೇಲೆ. ಮುಂದಿನ ವಾರ ಅವರಮ್ಮ ಜೆರ್ಸಿ ತಂದುಕೊಟ್ಟರು. ಒಗೆದು, ಇಸ್ತ್ರಿ ಹಾಕಿ, ನೀಟಾಗಿ ಮಡಿಸಿದ್ದರು. ನನಗೆ ಬೈದಿದ್ದರೇ ವಾಸಿ ಇತ್ತು.

ಕ್ಲಾಸಿನ ಪದ್ಧತಿಯನ್ನು ದುರುಪಯೋಗ ಮಾಡುವುದೂ ಸುಲಭ. ಓದಿನಲ್ಲಿ ಏನೂ ತೊಂದರೆ ಇಲ್ಲದ ಮಗುವನ್ನು, ಆಟದಲ್ಲಿ ಒಂದು ವರ್ಷ ದೊಡ್ಡವನಾಗಿರಲಿ ಅಂತಲೇ ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸುವ ಮನೆಗಳಿವೆ. ಅಮೆರಿಕದ ಬಾಸ್ಕೆಟ್‌ಬಾಲ್, ಲಕ್ರಾಸ್ ಕ್ಲಬ್ಬುಗಳಲ್ಲಿ ತಂಡಗಳು ಹೈಸ್ಕೂಲು ಮುಗಿಸುವ ವರ್ಷದ ಮೇಲೆ ನಡೆಯುವುದು ಸಾಮಾನ್ಯ. ಹೀಗೆ ಬೇಕಂತಲೇ ಒಂದು ವರ್ಷ ಹಿಂದೆ ಕೂರಿಸುವುದಕ್ಕೆ ಅಲ್ಲಿ "ರೀಕ್ಲಾಸ್" ಅನ್ನುವ ಹೆಸರೇ ಇದೆ. ನಿಯಮ ಮುರಿದ ಹಾಗೂ ಅಲ್ಲ, ಸರಿ ಅನ್ನಿಸುವುದೂ ಇಲ್ಲ. ಹಾಗಾಗಿ ಆಯ್ಕೆ, ಸ್ಕಾಲರ್‌ಶಿಪ್, ಟ್ರೋಫಿ ಬಂದ ಕಡೆ ಬರೀ ಕ್ಲಾಸಿನ ಲೆಕ್ಕವನ್ನು ನಾನು ನಂಬುವುದಿಲ್ಲ.

ಒಂದು ತಪ್ಪು ತಿಳುವಳಿಕೆ

"ಕ್ಲಾಸಿನ ಪದ್ಧತಿ ಇದ್ದರೆ ಜನವರಿ-ಡಿಸೆಂಬರ್ ತಾಪತ್ರಯ ಇರೋದಿಲ್ಲ ಅಲ್ವಾ" ಅಂತ ತುಂಬಾ ಜನ ಕೇಳುತ್ತಾರೆ. ಇರುತ್ತದೆ. ಶಾಲೆಗೆ ಸೇರಿಸುವುದಕ್ಕೂ ಒಂದು ಕಟ್-ಆಫ್ ದಿನಾಂಕ ಇದೆಯಲ್ಲ. ಆ ಗೆರೆಯ ಹಿಂದೆ ಮುಂದೆ ಇರುವವರಿಗೆ ಅದೇ ಕಥೆ. ತೊಂದರೆ ಬೇರೆ ಮಕ್ಕಳ ಹೆಗಲಿಗೆ ದಾಟುತ್ತದೆ, ಹೋಗುವುದಿಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ, ಇದನ್ನು ನಾನು ತಡವಾಗಿ ಅರ್ಥ ಮಾಡಿಕೊಂಡೆ. ಎರಡೂ ಕಡೆ ಒಂದೇ ಗೆರೆ ಇದ್ದರೆ, ಕ್ಲಾಸಿನಲ್ಲಿ ಅತಿ ಚಿಕ್ಕದಾದ ಮಗು ಮೈದಾನದಲ್ಲೂ ಅತಿ ಚಿಕ್ಕದೇ. ಬೆಳಗ್ಗೆಯಿಂದ ಸಂಜೆವರೆಗೆ ಎಲ್ಲಿ ಹೋದರೂ ಹಿಂದೆ. ಗೆರೆಗಳು ಬೇರೆ ಬೇರೆ ಇದ್ದರೆ ಕೆಲವು ಮಕ್ಕಳಿಗೆ ಒಂದು ಕಿಟಕಿ ತೆರೆಯುತ್ತದೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ, ಬಾಯಿ ಬಿಡದ ಒಬ್ಬ ಹುಡುಗಿ ವಯಸ್ಸಿನ ಲೆಕ್ಕದ ತಂಡಕ್ಕೆ ಬಂದಾಗ ಅಲ್ಲಿ ಅವಳೇ ಹಿರಿಯಳಾದಳು. ಎರಡನೇ ವಾರಕ್ಕೆ ಪುಟ್ಟವರನ್ನು ಸಾಲಾಗಿ ಕೂರಿಸಿ ಶೂ ಲೇಸು ಕಟ್ಟುತ್ತಿದ್ದಳು, ಗಂಟು ಬಿಚ್ಚದ ಹಾಗೆ ಎರಡೆರಡು ಸಲ. ಅವರ ಕ್ಲಾಸ್ ಟೀಚರ್ ಒಂದು ದಿನ ಆಟ ನೋಡಲು ಬಂದವರು, ಕೂಗಿ ಕೂಗಿ ತಂಡ ನಿಲ್ಲಿಸುತ್ತಿರುವವಳು ತಮ್ಮ ಕ್ಲಾಸಿನವಳೇನಾ ಅಂತ ಎರಡು ಸಲ ಕೇಳಿದರು.

ಆದ್ದರಿಂದ ಗೆಳೆಯರಿಂದ ಬೇರೆಯಾಗುವುದು ಯಾವಾಗಲೂ ನಷ್ಟವೇ ಅಂತ ತಿಳಿಯಬೇಡಿ. ಕ್ಲಾಸಿನಲ್ಲಿ ಮಂಕಾಗಿರುವ ಮಗುವಿಗೆ ಬೇರೆ ಗುಂಪು ಉಪಕಾರವನ್ನೇ ಮಾಡಬಹುದು.

ಮೋಸದ ವಿಷಯ

ಚಿಕ್ಕದಾಗಿ ಹೇಳುತ್ತೇನೆ. ವಯಸ್ಸಿನ ಪದ್ಧತಿಯಲ್ಲಿ ಮೋಸ ಇಲ್ಲ ಅಂತಲ್ಲ. 2001ರ ಲಿಟಲ್ ಲೀಗ್ ಅನ್ನುವ ಮಕ್ಕಳ ಬೇಸ್‌ಬಾಲ್ ವಿಶ್ವ ಸರಣಿಯಲ್ಲಿ ಎಲ್ಲರ ಕಣ್ಣು ಕುಕ್ಕಿದ ಪಿಚರ್‌ಗೆ (ಚೆಂಡು ಎಸೆಯುವವನಿಗೆ) 14 ವರ್ಷ ಅಂತ ಆಮೇಲೆ ಬಯಲಾಯಿತು. ಮಿತಿ 12 ಇತ್ತು. ಆ ತಂಡದ ಗೆಲುವುಗಳೆಲ್ಲ ರದ್ದಾದವು. ಕಾಗದವೇ ಸುಳ್ಳಾದರೆ ಏನು ಮಾಡುವುದು ಅಂತ ಫಿಫಾ 2009ರ ಅಂಡರ್-17 ವಿಶ್ವಕಪ್ಪಿನಲ್ಲಿ ಮೂಳೆಯ ಬೆಳವಣಿಗೆ ನೋಡಿ ವಯಸ್ಸು ಅಂದಾಜು ಮಾಡಲು ಹುಡುಗರ ಮಣಿಕಟ್ಟಿನ ಎಂಆರ್‌ಐ ತೆಗೆಸಲು ಶುರು ಮಾಡಿತು. ಆದರೆ ದೊಡ್ಡವರ ತಪ್ಪಿಗೆ ಮಗುವನ್ನು ಸ್ಕ್ಯಾನಿಗೆ ಮಲಗಿಸುವ ಮಟ್ಟಕ್ಕೆ ವಾರಾಂತ್ಯದ ಲೀಗ್ ಹೋಗಬೇಕಾಗಿಲ್ಲ. ಹುಟ್ಟಿದ ಕೂಡಲೇ ಮಾಡಿಸಿದ ಪ್ರಮಾಣಪತ್ರ, ಶಾಲೆಯ ದಾಖಲೆ ಎರಡನ್ನೂ ಒಟ್ಟಿಗೆ ನೋಡಿದರೆ ಹೆಚ್ಚಿನದು ಅಲ್ಲೇ ಸಿಗುತ್ತದೆ. ಎರಡರಲ್ಲಿ ದಿನಾಂಕ ಬೇರೆ ಇದ್ದರೆ ಕೇಳಿ.

ನಡುವಿನ ದಾರಿಗಳು

ಬರೀ ಎರಡೇ ಆಯ್ಕೆ ಅಂದುಕೊಳ್ಳಬೇಕಾಗಿಲ್ಲ. ನನಗೆ ಅತಿ ಇಷ್ಟವಾದದ್ದು ಬೆರಕೆ ಪದ್ಧತಿ. ತಂಡ ಮಾಡುವುದು ಕ್ಲಾಸಿನ ಮೇಲೆ, ಆದರೆ ಮೇಲೊಂದು ವಯಸ್ಸಿನ ಮಿತಿ. "ಐದನೇ ಕ್ಲಾಸು, ಆದರೆ ಈ ದಿನಾಂಕಕ್ಕಿಂತ ಮೊದಲು ಹುಟ್ಟಿರಬಾರದು" ಅಂತ. ಗೆಳೆಯರು ಉಳಿಯುತ್ತಾರೆ, ಎರಡು ವರ್ಷ ದೊಡ್ಡವನು ಒಳಗೆ ಬರುವುದಿಲ್ಲ. ಇಲ್ಲವೇ ವಯಸ್ಸಿನ ಪದ್ಧತಿಯನ್ನೇ ಇಟ್ಟು ಕಟ್-ಆಫ್ ದಿನಾಂಕವನ್ನು ಶಾಲೆ ಸೇರುವ ದಿನಾಂಕಕ್ಕೆ ಸರಿ ಮಾಡಿ. ಎರಡೂ ಹೆಚ್ಚು ಕಡಿಮೆ ಒಂದೇ ಜಾಗಕ್ಕೆ ಬರುತ್ತವೆ.

ಇನ್ನೊಂದು ಬಯೋ-ಬ್ಯಾಂಡಿಂಗ್, ಅಂದರೆ ಮೈ ಎಷ್ಟು ಬೆಳೆದಿದೆ ಅಂತ ನೋಡಿ ಗುಂಪು ಮಾಡುವುದು. ಹೆಣ್ಣುಮಕ್ಕಳು ಸರಾಸರಿ 12ರ ಸುಮಾರಿಗೆ, ಗಂಡುಮಕ್ಕಳು 14ರ ಸುಮಾರಿಗೆ ಸರ್ರನೆ ಎತ್ತರ ಆಗುತ್ತಾರೆ. ಆದರೆ ಅದು ಸರಾಸರಿ. ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಬಂದಿರುತ್ತದೆ, ಇನ್ನೊಬ್ಬನ ದನಿಯೇ ಒಡೆದಿರುವುದಿಲ್ಲ. ಈ ವಯಸ್ಸಿನಲ್ಲಿ ಹುಟ್ಟಿದ ದಿನಾಂಕವೂ ಸುಳ್ಳು, ಕ್ಲಾಸೂ ಸುಳ್ಳು. ಅದಕ್ಕೇ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಅಕಾಡೆಮಿಗಳು 2015ರಲ್ಲಿ ಒಂದು ಪ್ರಯೋಗ ಮಾಡಿದವು. ದೊಡ್ಡವನಾದ ಮೇಲೆ ಆಗಬಹುದಾದ ಎತ್ತರದಲ್ಲಿ ಈಗ ಎಷ್ಟು ಪಾಲು ಬೆಳೆದಿದ್ದಾನೆ ಅಂತ ಲೆಕ್ಕ ಹಾಕಿ, ಆ ಪ್ರಕಾರ ಗುಂಪು ಮಾಡಿ ಆಡಿಸಿದವು. ಬೇಗ ಬೆಳೆದವರು ಮೊದಲ ಸಲ ಮೈಬಲ ಬಿಟ್ಟು ತಲೆ ಓಡಿಸಬೇಕಾಯಿತು, ನಿಧಾನವಾಗಿ ಬೆಳೆಯುವವರಿಗೆ ತಮ್ಮ ಕೈಚಳಕ ತೋರಿಸಲು ಜಾಗ ಸಿಕ್ಕಿತು. ಒಳ್ಳೆಯದೇ, ಆದರೆ ಅಳತೆ, ಲೆಕ್ಕ, ಅಪ್ಪ ಅಮ್ಮನ ಎತ್ತರ ಎಲ್ಲ ಬೇಕು. ಸಾಮಾನ್ಯ ಲೀಗಿಗೆ ಆಗಾಗ ಒಂದು ದಿನದ ಆಟವಾಗಿ ಇಟ್ಟರೆ ಸಾಕು. ನ್ಯೂಜಿಲೆಂಡಿನ ಮಕ್ಕಳ ರಗ್ಬಿಯಲ್ಲಿ ತೂಕದ ಗುಂಪುಗಳೂ ಇವೆ. ಮೈಗೆ ಮೈ ಬಡಿಯುವ ಆಟಕ್ಕೆ ಅದು ಸರಿ, ಆದರೆ ಮಗು ತೂಕದ ಮಿತಿಗೆ ಹೆದರಿ ಊಟ ಬಿಡಲು ಶುರು ಮಾಡಿದರೆ ಆ ಲೀಗನ್ನೇ ಬಿಡಿ.

ಆಯ್ಕೆ ಮಾಡುವ ಕೋಚ್‌ಗಳಿಗೆ ಒಂದು ಸುಲಭದ ಉಪಾಯ. ಟ್ರಯಲ್ಸ್ ದಿನ ಜೆರ್ಸಿ ನಂಬರನ್ನು ವಯಸ್ಸಿನ ಕ್ರಮದಲ್ಲಿ ಕೊಡಿ. 2017ರಲ್ಲಿ ಪ್ರಕಟವಾದ ಒಂದು ಡಚ್ ಅಧ್ಯಯನದಲ್ಲಿ, ಬರೀ ಹುಟ್ಟಿದ ದಿನಾಂಕದ ಪಟ್ಟಿ ಕೈಗೆ ಕೊಟ್ಟಾಗ, ಆಟಗಾರರನ್ನು ಹುಡುಕುವ ಸ್ಕೌಟುಗಳಿಗೆ ವಯಸ್ಸಿನಲ್ಲಿ ದೊಡ್ಡವರ ಕಡೆಗಿದ್ದ ಪಕ್ಷಪಾತ ಹೋಗಲಿಲ್ಲ. ನಂಬರ್ ನೋಡಿದ ಕೂಡಲೇ ಯಾರು ದೊಡ್ಡವರು ಯಾರು ಚಿಕ್ಕವರು ಅಂತ ತಿಳಿಯುವ ಹಾಗೆ ಮಾಡಿದಾಗ ಹೋಯಿತು. ಖರ್ಚೇ ಇಲ್ಲ.

ಈಗ ನಿಮ್ಮ ಮಗುವಿನ ವಿಷಯ

ಒಂಬತ್ತು ಹತ್ತು ವರ್ಷದ ಒಳಗೆ, ಮೊದಲ ಸಲ ಆಡುತ್ತಿದೆ ಅಂದರೆ ಕ್ಲಾಸಿನ ತಂಡ. ವಯಸ್ಸಿನ ಮಿತಿ ಇದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ತಂಡದಲ್ಲಿ ಅತಿ ದೊಡ್ಡ ಮಗು ಯಾವ ತಿಂಗಳು ಹುಟ್ಟಿದ್ದು ಅಂತ ಕೇಳಿಕೊಳ್ಳಿ.

ಹನ್ನೊಂದರಿಂದ ಹದಿನೈದು, ಅದರಲ್ಲೂ ನೂಕಾಟ ಇರುವ ಆಟ ಅಂದರೆ ವಯಸ್ಸಿನ ತಂಡ, ಎರಡು ವರ್ಷದ್ದಲ್ಲ, ಒಂದೇ ವರ್ಷದ ಗುಂಪು. ಅದರೊಳಗೂ ನಿಮ್ಮ ಮಗು ಇನ್ನೂ ಬೆಳೆದಿಲ್ಲ ಅನ್ನಿಸಿದರೆ ಒಂದು ವರ್ಷ ಕೆಳಗೆ ಆಡಲು ಬಿಡುತ್ತೀರಾ ಅಂತ ಮುಚ್ಚುಮರೆ ಇಲ್ಲದೆ ಕೇಳಿ. ಬೆಲ್ಜಿಯಂನ ಫುಟ್‌ಬಾಲ್ ಸಂಸ್ಥೆ ತಡವಾಗಿ ಬೆಳೆಯುವ ಹುಡುಗರಿಗೆ ಬೇರೆಯೇ ತಂಡ ಇಟ್ಟಿದೆ, ಇದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ. ಈಜು, ಟೆನಿಸ್, ಬ್ಯಾಡ್ಮಿಂಟನ್ ಥರ ಮೈ ತಾಗದ ಆಟದಲ್ಲಿ ಪೆಟ್ಟಿನ ಭಯ ಕಡಿಮೆ, ಅಲ್ಲಿ ಗೆಳೆಯರು ಇರುವ ಕಡೆ ಬಿಟ್ಟರೂ ನಡೆಯುತ್ತದೆ.

ಮುಂದೆ ಆಯ್ಕೆ ಟ್ರಯಲ್ಸ್‌ಗೆ ಹೋಗುವ ಮಗುವಾದರೆ, ಆ ಟ್ರಯಲ್ಸ್ ಯಾವ ದಿನಾಂಕ ಹಿಡಿಯುತ್ತದೋ ಅದೇ ದಿನಾಂಕದ ತಂಡದಲ್ಲಿ ಹದಿಮೂರರ ಹೊತ್ತಿಗಾದರೂ ಆಡಿ ಅಭ್ಯಾಸ ಆಗಿರಬೇಕು. ಕ್ಲಾಸಿನ ತಂಡದಲ್ಲಿ ರಾಜನಾಗಿದ್ದು ಅಲ್ಲಿ ಹೋಗಿ ಕಂಗಾಲಾಗುವುದನ್ನು ನೋಡಿದ್ದೇನೆ.

ಕ್ಲಾಸು ದಾಟಿಸಿದ ಅಥವಾ ಒಂದು ಕ್ಲಾಸು ಹಿಂದೆ ಉಳಿದ ಮಗುವಿನ ವಿಷಯದಲ್ಲಿ ಪದ್ಧತಿಯ ಹೆಸರು ಮರೆತುಬಿಡಿ. ಹಿಂದೆ ಉಳಿದ ಮಗುವಿಗೆ ಶಾಲೆಯಲ್ಲಿ ಈಗಾಗಲೇ ಸಾಕಷ್ಟು ಮುಜುಗರ ಆಗಿರುತ್ತದೆ, ವಯಸ್ಸಿನ ತಂಡದಲ್ಲಿ ತನ್ನ ಹಳೇ ಜೊತೆಗಾರರು ಸಿಕ್ಕರೆ ಮುಖ ಅರಳುತ್ತದೆ.

ಚಿಕ್ಕ ಕ್ಲಬ್ಬಿನವರಿಗೆ: ಮಕ್ಕಳು ಕಡಿಮೆ, ನೋಡಿಕೊಳ್ಳುವವರು ಇಬ್ಬರೇ ಅಂದರೆ ಎರಡು ವರ್ಷ ಸೇರಿಸಿ ಒಂದು ಗುಂಪು ಮಾಡದೆ ದಾರಿಯಿಲ್ಲ. ಮಾಡಿ. ಅಭ್ಯಾಸದಲ್ಲಿ ಮಾತ್ರ ಜೋಡಿ ಮಾಡುವಾಗ ಮೈಕಟ್ಟು ನೋಡಿ, ಪಂದ್ಯದಲ್ಲಿ ಎಲ್ಲರಿಗೂ ಕನಿಷ್ಠ ಅರ್ಧ ಹೊತ್ತು ಆಟ ಅಂತ ನಿಯಮ ಬರೆದಿಡಿ. ವಿನಾಯಿತಿ ಯಾರಿಗೆ, ಎಷ್ಟು ತಿಂಗಳವರೆಗೆ ಅನ್ನುವುದನ್ನು ಸೀಸನ್ ಶುರುವಾಗುವ ಮೊದಲೇ ಬರೆದಿರಬೇಕು. ಮಧ್ಯದಲ್ಲಿ ಕೊಟ್ಟ ವಿನಾಯಿತಿಯನ್ನು ಯಾರೂ ನಂಬುವುದಿಲ್ಲ, ಕೋಚಿನ ಸ್ವಂತ ಮಗುವಿಗೆ ಕೊಟ್ಟದ್ದನ್ನಂತೂ ಕೇಳಲೇಬೇಡಿ.

ಇಷ್ಟಾದ ಮೇಲೂ ಗೊಂದಲ ಇದ್ದರೆ ಎರಡೂ ತಂಡದಲ್ಲಿ ಒಂದೆರಡು ಅಭ್ಯಾಸಕ್ಕೆ ಬಿಡಿ, ಹೆಚ್ಚಿನವರು ಒಪ್ಪುತ್ತಾರೆ. ಗಡಿಯಾರ ನೋಡಿಕೊಂಡು ಹತ್ತು ನಿಮಿಷದಲ್ಲಿ ನಿಮ್ಮ ಮಗುವಿನ ಕಾಲಿಗೋ ಕೈಗೋ ಚೆಂಡು ಎಷ್ಟು ಸಲ ಸಿಕ್ಕಿತು ಅಂತ ಎಣಿಸಿ. ಆಮೇಲೆ ನೀರು ಕುಡಿಯಲು ಬಿಟ್ಟಾಗ ಯಾರ ಪಕ್ಕ ಹೋಗಿ ನಿಲ್ಲುತ್ತದೆ ನೋಡಿ. ಒಂದು ತಂಡದಲ್ಲಿ ಎರಡೂ ಚೆನ್ನಾಗಿದ್ದರೆ ಅಲ್ಲೇ ಸೇರಿಸಿ. ಚೆಂಡು ಸಿಗುತ್ತಿದೆ ಆದರೆ ಬಾಟಲಿ ಹಿಡಿದು ಒಂಟಿಯಾಗಿ ನಿಂತಿದೆ ಅಂದರೆ ಇನ್ನೊಂದು ತಿಂಗಳು ಕಾಯಿರಿ, ಗೆಳೆತನ ಆಗುತ್ತದೆ. ಗೆಳೆಯರ ನಡುವೆ ನಗುತ್ತಿದೆ, ಆದರೆ ಚೆಂಡು ಬಂದಾಗ ಭುಜ ತಿರುಗಿಸುತ್ತಿದೆ ಅಂದರೆ ಕಾಯಬೇಡಿ, ಅವತ್ತೇ ಕೋಚ್ ಹತ್ತಿರ ಹೋಗಿ ಮಾತಾಡಿ.